ಮಾಲಿಲ್ಲದ ಮಳಿಗೆ

ಕಳೆದುಕೊಳ್ಳಲು ಏನೂ ಇಲ್ಲದ ವ್ಯಾಪಾರವೊಂದಿದೆ ಎಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಅವರ ಪಾಲಿಗೆ ವ್ಯಾಪಾರವೆಂದರೆ ದುಡ್ಡು ಹಾಕಿ ಮಾಲು ತುಂಬುವುದು, ಗಿರಾಕಿಗಾಗಿ ಕಾಯುವುದು, ಆಗಾಗ ಕೈ ಸುಟ್ಟುಕೊಳ್ಳುವುದು. ಬೆಂಗಳೂರಿನ ವೈಯಾಲಿಕಾವಲ್‌ನ ಬಾಡಿಗೆ ಮನೆಯ ಮಹಡಿ ಕೋಣೆಯಲ್ಲಿ ಕುಳಿತು ನಾನು ಕನ್ನಡ ಟೀ ಶರ್ಟುಗಳ ಪುಟ್ಟ ವ್ಯಾಪಾರ ಆರಂಭಿಸಿದಾಗ ನನ್ನ ಬಳಿ ಮಾರಲು ಒಂದು ಅಂಗಿಯೂ ಇರಲಿಲ್ಲ. ಪ್ರಿಂಟ್ ಆನ್ ಡಿಮ್ಯಾಂಡ್ ಎಂಬ ಪದ್ಧತಿಯೇ ಹಾಗೆ. ನಾನು ಒಂದು ಸಾಲನ್ನೋ ಚಿತ್ರವನ್ನೋ ಸಿದ್ಧಪಡಿಸಿ, ಅಂಗಿಯ ಮೇಲೆ ಅದು ಹೇಗೆ ಕಂಡೀತು ಎಂಬ ಪಟವನ್ನು ಮಾರಾಟಕ್ಕಿಡುತ್ತೇನೆ. ಹುಬ್ಬಳ್ಳಿಯಲ್ಲಿರುವ ಯಾರೋ ಅದನ್ನು ಮೆಚ್ಚಿ ಹಣ ಕಟ್ಟುತ್ತಾರೆ. ಆಮೇಲಷ್ಟೇ ತಿರುಪ್ಪೂರಿನ ಕಡೆಯ ಮುದ್ರಣ ಘಟಕವೊಂದರಲ್ಲಿ ಒಂದು ಬರಿ ಅಂಗಿ ಕಪಾಟಿನಿಂದ ಇಳಿಯುತ್ತದೆ, ಅಚ್ಚಾಗುತ್ತದೆ, ನನ್ನ ಬ್ರ್ಯಾಂಡಿನ ಹೆಸರು ಹೊತ್ತು ಕೊರಿಯರ್ ಹತ್ತುತ್ತದೆ. ಅದು ನನ್ನ ಕೈಯನ್ನು ಮುಟ್ಟುವುದೇ ಇಲ್ಲ.

ಲೆಕ್ಕವೂ ಸರಳ. ಅಂಗಿ ಮತ್ತು ಅಚ್ಚಿಗೆ ಹೆಚ್ಚುಕಡಿಮೆ ₹300, ಕೊರಿಯರಿಗೆ ₹70, ಹಣ ಪಾವತಿಯ ಸಂಸ್ಥೆಗೆ ಶೇ 2. ₹549ಕ್ಕೆ ಮಾರಿದರೆ ತೆರಿಗೆ ಕಳೆದು ಕೈಯಲ್ಲುಳಿಯುವುದು ನೂರೈವತ್ತರ ಆಸುಪಾಸು. ಮನೆ ಬಾಗಿಲಲ್ಲಿ ಹಣ ಕೊಡುತ್ತೇನೆಂದವರು ಅಂಗಿಯನ್ನು ಹಿಂದಿರುಗಿಸಿದರೆ ಲಾಭವೂ ಇಲ್ಲ, ಅಂಗಿಯ ಖರ್ಚೂ ಹೋಗಿಬರುವ ಕೊರಿಯರಿನ ಖರ್ಚೂ ನನ್ನ ತಲೆಗೇ. ಇಷ್ಟು ಬಿಟ್ಟರೆ ನಷ್ಟಕ್ಕೆ ದಾರಿಯಿಲ್ಲ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಿಸಬೇಕಾದ್ದರಿಂದ ನಾಲ್ಕಾರು ಅಂಗಿಗೆ ಅದು ಗಿಟ್ಟುವುದಿಲ್ಲ. ಬಟ್ಟೆಯ ಮೇಲೆ ನೇರವಾಗಿ ಶಾಯಿ ಚಿಮ್ಮುವ ಡಿಟಿಜಿ ಯಂತ್ರಕ್ಕೂ, ಹಾಳೆಯ ಮೇಲೆ ಅಚ್ಚುಹಾಕಿ ಬಿಸಿಯೊತ್ತಿ ಅಂಟಿಸುವ ಡಿಟಿಎಫ್ ವಿಧಾನಕ್ಕೂ ಒಂದಾದರೂ ಒಂದೇ, ನೂರಾದರೂ ಒಂದೇ. ನನ್ನಂಥ ಅಳ್ಳೆದೆಯವರಿಗೆ ಹೇಳಿ ಮಾಡಿಸಿದ ಏರ್ಪಾಡು.

ಆ ಅಳ್ಳೆದೆ ಬಂದದ್ದು ದೊಡ್ಡಪ್ಪನ ಅಂಗಡಿಯಿಂದ. ಚಿಕ್ಕಪೇಟೆಯ ಓಣಿಯೊಂದರಲ್ಲಿ ಅವರದು ಜವಳಿ ಅಂಗಡಿ. ಹೋಗದೆ ನಿಂತ ಮಾಲು ಅಟ್ಟದಲ್ಲಿ ಮೂಟೆಯಾಗಿ ಕುಳಿತಿರುತ್ತಿತ್ತು. ಮಡಿಕೆಯ ಗೆರೆಯಲ್ಲೇ ಬಣ್ಣ ಮಾಸಿದ ಸೀರೆಗಳನ್ನು ಆಷಾಢದಲ್ಲಿ ಕೆಳಗಿಳಿಸಿ, ಬಂದ ಬೆಲೆಗೆ ಕೊಡುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಉದ್ರಿಯ ಖಾತೆ, ಸಗಟು ವ್ಯಾಪಾರಿಯ ತಗಾದೆ, ರಾತ್ರಿ ಊಟದ ಎಲೆಯ ಮುಂದೆಯೂ ಬಿಡದ ಲೆಕ್ಕ. ಮಾಲೆಂಬುದು ಮನುಷ್ಯನನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆಂದು ನಾನು ಆ ಅಂಗಡಿಯಲ್ಲಿ ಕಂಡಿದ್ದೆ. ಆದ್ದರಿಂದ ಮಾಲೇ ಇಲ್ಲದ ವ್ಯಾಪಾರ ನನಗೆ ಬರಿಯ ಮಿತವ್ಯಯವಾಗಿ ಕಾಣದೆ ಒಂದು ಬಗೆಯ ಬಿಡುಗಡೆಯಾಗಿ ಕಂಡಿತು. ದೊಡ್ಡಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿ, "ಮಾಲೇ ಇಲ್ಲ ಅಂದ್ಮೇಲೆ ಗಿರಾಕಿ ಏನನ್ನ ಮುಟ್ಟಿ ನೋಡ್ತಾನೋ? ಅವನು ಹೋಗ್ಲಿ, ನೀನು ಏನನ್ನ ಮುಟ್ಟಿ ನೋಡಿದೀಯ?" ಎಂದರು.

ಹಳಬರ ಮಾತು ಎಂದು ಆ ಪ್ರಶ್ನೆಯನ್ನು ಪಕ್ಕಕ್ಕಿಡಬಹುದಿತ್ತು. ಆದರೆ ನಿಧಾನವಾಗಿ ನೋಡಿದರೆ, ದೊಡ್ಡಪ್ಪನನ್ನು ಕಾಡಿದ ಆ ಮಾಲೇ ಅವರಿಗೆ ಒಂದು ಕಣ್ಣನ್ನೂ ಕೊಟ್ಟಿತ್ತು. ಥಾನಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ, ಇದು ಎರಡನೇ ಒಗೆತಕ್ಕೆ ಮೈಬಿಡುತ್ತದೆ ಎಂದು ಅವರು ಹೇಳಬಲ್ಲವರಾಗಿದ್ದರು. ತಪ್ಪು ಆಯ್ಕೆಗೆ ಬೆಲೆ ತೆರಬೇಕಿತ್ತು. ಅದಕ್ಕೇ ಆಯ್ಕೆ ಹರಿತವಾಗಿತ್ತು. ನನ್ನ ಮಳಿಗೆಯಲ್ಲೋ ಒಂದು ವಿನ್ಯಾಸ ಸೇರಿಸುವುದಕ್ಕೆ ಖರ್ಚೇ ಇಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಹೊಳೆದ ತಮಾಷೆ ಮಧ್ಯಾಹ್ನಕ್ಕೆ ಮಾರಾಟಕ್ಕೆ ಸಿದ್ಧ. ಹೋಗದಿದ್ದರೆ ಅಳಿಸಿದರಾಯಿತು. ಹೀಗೆ ಸೇರಿದ ವಿನ್ಯಾಸಗಳನ್ನು ಒಂದು ಸಂಜೆ ಸಾಲಾಗಿ ನೋಡಿದಾಗ, ಅವುಗಳಲ್ಲಿ ನಾನೇ ತೊಟ್ಟುಕೊಂಡು ಮಲ್ಲೇಶ್ವರದ ಎಂಟನೇ ಕ್ರಾಸಿನ ಮಾರುಕಟ್ಟೆಗೆ ಹೋಗಬಹುದಾದವು ಬೆರಳೆಣಿಕೆಯಷ್ಟೇ ಇದ್ದವು. ಉಳಿದವನ್ನು ತೆಗೆದುಹಾಕುವಾಗಲೂ ಏನೂ ಅನಿಸಲಿಲ್ಲ. ಅನಿಸದೆ ಹೋಯಿತಲ್ಲ ಎಂಬುದು ಮಾತ್ರ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು.

ಮಾದರಿ ಅಂಗಿ ಬಂದ ದಿನದ ಕಥೆ ಬೇರೆ. ಮಾರುವ ಮೊದಲು ಒಂದನ್ನು ನಮಗೇ ತರಿಸಿಕೊಂಡು ನೋಡುವುದು ಈ ವ್ಯಾಪಾರದಲ್ಲಿ ರೂಢಿ. ನಾನು ಬರೆದ ಸಾಲು "ಸ್ವಲ್ಪ ಅಕ್ಕರೆ ಇರಲಿ" ಎಂದು. ಪೊಟ್ಟಣ ಬಿಚ್ಚಿದರೆ ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರದಲ್ಲಿ ಇದ್ದದ್ದು "ಸ್‌ವಲ್‌ಪ ಅಕ್‌ಕರೆ ಇರಲಿ". ಅಚ್ಚು ಬಹಳ ಚೊಕ್ಕವಾಗಿತ್ತು. ಕನ್ನಡ ಓದಲು ಬಾರದ ಕಣ್ಣಿಗೆ ಅಲ್ಲಿ ಕೊರತೆಯೇನೂ ಕಾಣುವಂತಿರಲಿಲ್ಲ. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಸೌಲಭ್ಯ ಇಲ್ಲದಿದ್ದರೆ, ಇದ್ದೂ ಅದನ್ನು ಆನ್ ಮಾಡದಿದ್ದರೆ, ಒತ್ತಕ್ಷರಗಳು ಹೀಗೆ ಬಿಡಿಬಿಡಿಯಾಗಿ ಬೀಳುತ್ತವೆ. ಸರಿಯಾಗಿ ಜೋಡಿಸಿದ ಅಕ್ಷರಗಳನ್ನು ಔಟ್‌ಲೈನಿಗೆ ಬದಲಾಯಿಸಿ ಕಳಿಸಿದರೆ ಈ ತೊಂದರೆಯಿಲ್ಲ. ಆಗ ಅದು ಅಕ್ಷರವಾಗಿ ಉಳಿಯದೆ ಚಿತ್ರವಾಗಿಬಿಡುತ್ತದೆ, ಯಾವ ಯಂತ್ರವೂ ಅದನ್ನು ತಪ್ಪಾಗಿ ಓದಲಾರದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲಿ. ಅಲ್ಲಿಯೂ ಮೊಳೆಗಳಿಲ್ಲ, ಕೈಬರಹವನ್ನೇ ಚಿತ್ರದಂತೆ ಕಲ್ಲಿನಿಂದ ಎತ್ತುತ್ತಿದ್ದರು. ಇಷ್ಟು ದೂರ ಬಂದ ಮೇಲೂ ಅಂಗಿಯ ಮೇಲೆ ಕನ್ನಡ ನೆಟ್ಟಗೆ ಕೂರಬೇಕಾದರೆ ಆ ಉಪಾಯಕ್ಕೇ ಮರಳಬೇಕಾಗಿದೆ.

ಆ ಅಂಗಿಯನ್ನು ನಮ್ಮ ಹಿಂದಿನ ಬೀದಿಯ ರಾಯರಿಗೆ ತೋರಿಸಿದೆ. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುತ್ತ ಆಯುಷ್ಯ ಕಳೆದವರು ಅವರು. ಕನ್ನಡಕ ಹಣೆಗೇರಿಸಿ, ಬಟ್ಟೆಯನ್ನು ಮೂಗಿನ ಹತ್ತಿರ ತಂದು ನೋಡಿದರು. ಒಡೆದ ಒತ್ತುಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ಅದು ಯಾರಿಗೂ ಕಾಣುವಂಥದ್ದು. ಜೊತೆಗೆ ತೆಗೆದುಕೊಂಡು ಹೋಗಿದ್ದ, ಸರಿಪಡಿಸಿದ ಪ್ರತಿಯ ಮೇಲೆ ಬೆರಳಿಟ್ಟು, "ಅಲ್ಲಪ್ಪಾ, ಈ ಪ ಒತ್ತು ನೋಡು. ಮೇಲಿನ ಲಕಾರಕ್ಕೆ ಅಂಟ್ಕೊಂಡು ಒದ್ದಾಡ್ತಿದೆ. ಅದಕ್ಕೊಂದಿಷ್ಟು ಜಾಗ ಬೇಡವೇ? ಕರಡು ಯಾರು ನೋಡಿದ್ದು?" ಎಂದರು. ಕರಡು ಯಾರೂ ನೋಡಿರಲಿಲ್ಲ. ಈ ವ್ಯಾಪಾರದಲ್ಲಿ ಕರಡು ತಿದ್ದುವವರಿಗೆ ಹುದ್ದೆಯೇ ಇಲ್ಲ. ಅವರು ಹೇಳಿದಂತೆ ಒತ್ತನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ಗೆರೆಯನ್ನು ತುಸು ದಪ್ಪ ಮಾಡಿದೆ. ಬಿಸಿಯೊತ್ತಿ ಅಂಟಿಸಿದ ಅಚ್ಚಿನಲ್ಲಿ ಒಗೆತ ಕಳೆದಂತೆ ಮೊದಲು ಏಳುವುದು ಇಂಥ ತೆಳು ಗೆರೆಗಳೇ ಎಂಬುದು ಆಮೇಲೆ ತಿಳಿಯಿತು. ರಾಯರಿಗೆ ಡಿಟಿಎಫ್ ಎಂದರೇನೆಂದು ಗೊತ್ತಿಲ್ಲ. ಅಕ್ಷರ ಎಲ್ಲಿ ಸೋಲುತ್ತದೆಂದು ಗೊತ್ತು.

ಅಂದಿನಿಂದ 'ಬಂಡವಾಳವಿಲ್ಲದ ವ್ಯಾಪಾರ' ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಆಡಲಾರೆ. ನನ್ನದಲ್ಲ ಎಂದ ಮಾತ್ರಕ್ಕೆ ಬಂಡವಾಳವೇ ಇಲ್ಲವೆಂದಾಗುವುದಿಲ್ಲ. ಬಟ್ಟೆ ಯಾರದೋ, ಯಂತ್ರ ಯಾರದೋ. ಮಾರುವುದಕ್ಕೆ ನನ್ನದೆಂದು ಇರುವುದು ಸಾಲುಗಳು ಮಾತ್ರ, ಆ ಸಾಲುಗಳ ಭಾಷೆಯೂ ನಾನು ಗಳಿಸಿದ್ದಲ್ಲ. ಕನ್ನಡದ ಅಂಗಿಗಳು ಮಾರುಕಟ್ಟೆಗೆ ಬಂದು ದಶಕವೇ ಮೀರಿತು. ಅಜಿಟೀಸ್, ತರ್ಲೆ ಬಾಕ್ಸ್‌ನಂಥ ಹೆಸರುಗಳು ಬೆಂಗಳೂರಿನ ಹುಡುಗರಿಗೆ ಹೊಸವಲ್ಲ. ಎಲ್ಲರೂ ನೀರೆತ್ತುವುದು ಒಂದೇ ಬಾವಿಯಿಂದ: ಬೀದಿಯ ನುಡಿ, ಸಿನಿಮಾದ ಮಾತು, ಕವಿಗಳ ಸಾಲು.

ಕವಿಗಳ ಸಾಲಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಅರುವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಅವರ ಸಾಲುಗಳು 2035 ಮುಗಿಯುವ ತನಕ ವಾರಸುದಾರರವು. ಬೇಂದ್ರೆಯವರವು 2041ರ ತನಕ, ಕುವೆಂಪು ಅವರವು 2054ರ ತನಕ. ಕೇಳದೆ ಅಚ್ಚುಹಾಕುವವರಿಗೆ ಕಡಿಮೆಯಿಲ್ಲ, ಆ ಮಾತು ಬೇರೆ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಕಡಿಮೆ ಖರ್ಚಿನ ಆರಂಭ ಎಂದು ಹೆಮ್ಮೆಪಡುತ್ತಿದ್ದ ನಾನು, ಒಂದೇ ಗಂಟಿನಲ್ಲಿ ಅತಿ ಹೆಚ್ಚು ಖರ್ಚು ಮಾಡಿದ್ದು ನನ್ನ ಬ್ರ್ಯಾಂಡಿನ ಹೆಸರನ್ನು ಕಾಪಾಡಿಕೊಳ್ಳಲು. ಟ್ರೇಡ್‌ಮಾರ್ಕಿನ 25ನೇ ವರ್ಗ, ಅಂದರೆ ಉಡುಪುಗಳ ವರ್ಗದಲ್ಲಿ ಅರ್ಜಿ ಹಾಕಲು ₹4,500. ಯಾರೂ ಕೇಳಿರದ ನನ್ನ ಹೆಸರಿಗೆ ಬೇಲಿ ಹಾಕಿದ ಕೈಯೇ, ನಾಡಿಗೆಲ್ಲ ಗೊತ್ತಿರುವ ಕವಿಯ ಸಾಲನ್ನು ನಕಲಿಸಿಕೊಳ್ಳಲು ಸಿದ್ಧವಾಗಿತ್ತು.

ವಚನಗಳ ಮಾತೇನು? ಹನ್ನೆರಡನೆಯ ಶತಮಾನದವು, ಕಾನೂನಿನ ಅಡ್ಡಿಯಿಲ್ಲ, ಕೊಳ್ಳುವವರೂ ಇದ್ದಾರೆ. ಇಲ್ಲಿ ಕಾನೂನಿಗಿಂತ ನಮ್ಮ ಮನೆಯ ಒಂದು ವಾಡಿಕೆ ಅಡ್ಡ ಬಂತು. ಹಳೆಯ ಟೀ ಶರ್ಟಿಗೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮೊದಲು ಹೊರಗೆ, ಆಮೇಲೆ ಮನೆಯಲ್ಲಿ, ಆಮೇಲೆ ಮಲಗುವಾಗ, ಕೊನೆಗೆ ನೆಲ ಒರೆಸಲು. ಹೋಳಿಯ ದಿನ ಒಂದು ಪಾಳಿ ನಡುವೆ ಬಂದರೂ ಬಂದೀತು. ನಾನು ಅಚ್ಚುಹಾಕುವ ಯಾವ ಸಾಲಿಗೂ ಈ ಗತಿ ತಪ್ಪಿದ್ದಲ್ಲ. ಅಂಕಿತವಿರುವ ವಚನವೊಂದು ಬಕೆಟ್ಟಿನ ಅಂಚಿನಲ್ಲಿ ಹಿಂಡಿಸಿಕೊಂಡು ನೇತಾಡುವುದನ್ನು ನಾನು ನೋಡಬಲ್ಲೆನೇ? ಹಾಗೆ ಕೇಳಿಕೊಂಡ ಮೇಲೆ ಯಾವ ಸಾಲು ಬೇಕು, ಯಾವುದು ಬೇಡ ಎಂಬ ಗೊಂದಲ ತಾನಾಗಿ ಕಡಿಮೆಯಾಯಿತು. ನೆಲ ಒರೆಸುವ ಬಟ್ಟೆಯಾದಾಗಲೂ ಮಾನ ಕಳೆದುಕೊಳ್ಳದ ಮಾತುಗಳು ಭಾಷೆಯಲ್ಲಿ ಬೇಕಾದಷ್ಟಿವೆ. ಅವು ಮನೆಮಾತುಗಳು, ಬಳಸಿ ಬಳಸಿಯೇ ಗಟ್ಟಿಯಾದವು.

ಅಂಥದ್ದೊಂದು "ಊಟ ಆಯ್ತಾ?" ಎಂಬುದು. ಬೇರೇನೂ ಇಲ್ಲ, ಎದೆಯ ಮೇಲೆ ಅಷ್ಟೇ. ಮಾರಾಟದಲ್ಲಿ ಅದೇನೂ ಮುಂದಿಲ್ಲ. ಆದರೆ ಅದನ್ನು ತೊಟ್ಟು ಟಿಟಿಡಿ ದೇವಸ್ಥಾನದ ಬೀದಿಯಲ್ಲಿ ನಡೆದು ಹೋಗುವಾಗ ಹೂವು ಮಾರುವ ಅಜ್ಜಿಯೊಬ್ಬರು, ಪಕ್ಕದಲ್ಲಿ ಕೂತ ಮೊಮ್ಮಗಳು ಓದಿ ಹೇಳಿದ್ದನ್ನು ಕೇಳಿ, "ಇಲ್ಲ ಕಣಪ್ಪಾ, ಇನ್ನೂ ಬೋಣಿನೇ ಆಗಿಲ್ಲ" ಎಂದರು. ಎದೆಯ ಮೇಲಿನ ಮಾತಿಗೆ ಯಾರಾದರೂ ಉತ್ತರ ಕೊಟ್ಟಾರು ಎಂದು ನಾನು ಎಣಿಸಿರಲಿಲ್ಲ. ಒಂದು ಮೊಳ ಮಲ್ಲಿಗೆ ಕೊಂಡೆ. ಅಂಗಿಯ ಮೇಲಿನ ಬರಹವನ್ನು ನಾನು ಅಲ್ಲಿಯ ತನಕ ಘೋಷಣೆ ಎಂದೇ ಭಾವಿಸಿದ್ದೆ. 1984ರಲ್ಲಿ ಲಂಡನ್ನಿನ ವಸ್ತ್ರವಿನ್ಯಾಸಕಿ ಕ್ಯಾಥರಿನ್ ಹ್ಯಾಮ್ನೆಟ್ ಪ್ರಧಾನಿ ಥ್ಯಾಚರರ ಭೇಟಿಗೆ ಹೋದಾಗ, ಪರ್ಶಿಂಗ್ ಕ್ಷಿಪಣಿಗಳನ್ನು ವಿರೋಧಿಸುವ ದೊಡ್ಡಕ್ಷರದ ಬರಹವನ್ನು ಎದೆಯ ಮೇಲೆ ಹೊತ್ತಿದ್ದರು. ಅದು ಅವರದೇ ಮಾತು, ಅವರದೇ ಮೈ. ಬಂದ ಸಿಟ್ಟನ್ನು ಎದುರಿಸಲು ಅವರೇ ನಿಂತಿದ್ದರು. ನನ್ನ ವ್ಯಾಪಾರದಲ್ಲಿ ಮಾತು ನನ್ನದು, ಮೈ ಬೇರೆಯವರದು.

ನವೆಂಬರ್ ಹತ್ತಿರವಾದಂತೆ ಈ ವ್ಯತ್ಯಾಸ ಸಣ್ಣದಲ್ಲವೆಂದು ತಿಳಿಯುತ್ತದೆ. ರಾಜ್ಯೋತ್ಸವದ ಋತುವೆಂದರೆ ಕನ್ನಡ ಅಂಗಿಗಳಿಗೆ ದೀಪಾವಳಿಯಿದ್ದಂತೆ. ಕಚೇರಿಗಳಿಂದ ಹಳದಿ-ಕೆಂಪಿನ ಅಂಗಿಗಳಿಗೆ ಒಟ್ಟಾಗಿ ಬೇಡಿಕೆ ಬರುತ್ತದೆ. ಒಮ್ಮೆ ಯುವಕರ ಗುಂಪೊಂದು ಒಂದು ಖಾರವಾದ ಸಾಲು ಕೇಳಿತು. ಕನ್ನಡ ಬಾರದವರನ್ನು ಊರು ಬಿಡಿ ಎನ್ನುವ ಧಾಟಿಯದು. ಮುಂಗಡ ಕೊಡಲು ಸಿದ್ಧರಿದ್ದರು. ಅವರ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಬ್ಯಾಂಕಿನಲ್ಲಿ ತನ್ನ ಭಾಷೆಯಲ್ಲಿ ಉತ್ತರ ಸಿಗದೆ ಹಿಂದಿರುಗಿದವನ ಅವಮಾನ ನನಗೂ ಗೊತ್ತು. ಆದರೆ ಆ ಅಂಗಿ ತೊಟ್ಟು ಮೆಜೆಸ್ಟಿಕ್ಕಿನಲ್ಲಿ ನಿಲ್ಲುವವನು ಹತ್ತೊಂಬತ್ತರ ಹುಡುಗ. ಜಗಳವಾದರೆ ಅವನ ಕಾಲರಿಗೆ ಕೈ ಬೀಳುತ್ತದೆ. ನಾನು ವೈಯಾಲಿಕಾವಲ್‌ನ ಮಹಡಿಯಲ್ಲಿ ಕಾಫಿ ಕುಡಿಯುತ್ತಿರುತ್ತೇನೆ. ಆ ಕೆಲಸ ಒಪ್ಪಿಕೊಳ್ಳಲಿಲ್ಲ. ಇದನ್ನು ತ್ಯಾಗವೆಂದು ಬಣ್ಣಿಸಿದರೆ ಸುಳ್ಳಾದೀತು, ಏಕೆಂದರೆ ಬೇಡವೆನ್ನುವುದು ನನಗೆ ಸುಲಭವಿತ್ತು. ತುಂಬಿಟ್ಟ ಮಾಲಿಲ್ಲ, ತೀರಿಸಬೇಕಾದ ಸಾಲವಿಲ್ಲ. ದೊಡ್ಡಪ್ಪನ ಅಟ್ಟದ ಮೂಟೆಗಳು ಅವರ ಬಾಯಿಂದ ಎಷ್ಟೋ ಸಲ "ಬಣ್ಣ ಹೋಗಲ್ಲ ತಾಯಿ, ನನ್ನ ಮಾತು ನಂಬಿ" ಎನ್ನಿಸಿದ್ದವು. ಮಾಲು ಕಣ್ಣನ್ನು ಕೊಡುತ್ತದೆ ಎಂದೆ. ನಾಲಿಗೆಯನ್ನು ಕಿತ್ತುಕೊಳ್ಳುವುದೂ ಅದೇ. ಮಾಲಿಲ್ಲದವನು ಇಲ್ಲ ಎನ್ನಬಲ್ಲ. ಈ ಪದ್ಧತಿಯ ನಿಜವಾದ ಉಪಕಾರ ಲಾಭದ ಲೆಕ್ಕಕ್ಕಿಂತ ಇಲ್ಲಿ ಹೆಚ್ಚು ಕಾಣುತ್ತದೆ ಎಂದು ನನಗನಿಸಿತು.

ಇನ್ನೊಂದು ಉಪಕಾರವನ್ನೂ ಒಪ್ಪಿಕೊಳ್ಳಬೇಕು. ಕೇಳಿದ ಮೇಲೆಯೇ ಅಚ್ಚಾಗುವುದರಿಂದ ಹಿಂದಿರುಗಿ ಬಂದವನ್ನು ಬಿಟ್ಟರೆ ನನ್ನ ಸಾಲು ಹೊತ್ತ ಒಂದು ಅಂಗಿಯೂ ಮಾರಾಟವಾಗದೆ ಕಸವಾಗುವುದಿಲ್ಲ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಜಗತ್ತಿನ ಬೇಡದ ಬಟ್ಟೆಗಳು ಗುಡ್ಡೆಯಾಗಿ ಬಿದ್ದಿರುವ ಚಿತ್ರ ನೋಡಿದವರಿಗೆ ಇದು ಸಣ್ಣ ಸಮಾಧಾನವಲ್ಲ. ಆದರೂ ಒಂದೊಂದಕ್ಕೂ ಒಂದು ಪ್ಲಾಸ್ಟಿಕ್ ಚೀಲ, ಒಂದು ಪ್ರಯಾಣ. ಒಂದು ಹತ್ತಿಯ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಹಿಡಿಯುತ್ತದೆ ಎಂಬ ಅಂದಾಜು ಪ್ರಸಿದ್ಧವಾದದ್ದು. ತಿರುಪ್ಪೂರಿನ ನೊಯ್ಯಲ್ ನದಿ ಬಣ್ಣದ ನೀರಿನಿಂದ ಕೆಟ್ಟು, 2011ರಲ್ಲಿ ಮದರಾಸು ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಬೇಕಾಯಿತು. ನಷ್ಟವೇ ಇಲ್ಲದ ವ್ಯಾಪಾರ ಎಂದಾಗ ನಾನು ಹೇಳುತ್ತಿದ್ದುದು ನನ್ನ ಹೊಸ್ತಿಲ ಒಳಗಿನ ಲೆಕ್ಕವನ್ನು. ಬೆಂಗಳೂರೂ ಒಂದು ಕಾಲಕ್ಕೆ ತನ್ನ ಬಟ್ಟೆಯನ್ನು ತಾನೇ ನೇಯುತ್ತಿತ್ತು; ಮಲ್ಲೇಶ್ವರದ ರಾಜಾ ಮಿಲ್ಲಿದ್ದ ಜಾಗದಲ್ಲಿ ಈಗ ಮಂತ್ರಿ ಮಾಲ್ ಇದೆ. ಆಗ ಬಟ್ಟೆಯ ಹಿಂದಿನ ಬೆವರು ಪಾಳಿಯ ಸಮಯಕ್ಕೆ ಸಂಪಿಗೆ ರಸ್ತೆಯಲ್ಲೇ ನಡೆದು ಹೋಗುತ್ತಿತ್ತು. ಈಗ ಅದು ಕಾಣುವುದಿಲ್ಲ. ಕಾಣದ್ದನ್ನು ಇಲ್ಲ ಎಂದುಕೊಳ್ಳುವುದು ಎಷ್ಟು ಸಲೀಸು!

ಹೀಗೆಂದು ವ್ಯಾಪಾರವನ್ನು ಮುಚ್ಚಿಲ್ಲ. ಕೊಂಚ ಬದಲಾಯಿಸಿದ್ದೇನೆ. ವಿನ್ಯಾಸಗಳು ಕೆಲವೇ ಕೆಲವು. ಪ್ರತಿಯೊಂದರ ಕರಡೂ ರಾಯರ ಮುಂದೆ ಹೋಗುತ್ತದೆ, ಅವರಿಗೆ ಅದರ ಸಂಭಾವನೆಯೂ ಸಲ್ಲುತ್ತದೆ. ಮೊದಲು ತೆಗೆದುಕೊಳ್ಳಲು ಒಪ್ಪಲಿಲ್ಲ, ಆಮೇಲೆ ಕವರಿನ ಮೇಲೆ 'ಪ್ರೂಫ್ ಬಾಬ್ತು' ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು. ದೂರದ ಊರಿನ ಬೇಡಿಕೆಗಳು ಹಳೆಯ ದಾರಿಯಲ್ಲೇ ನಡೆದಿವೆ. "ಊಟ ಆಯ್ತಾ?" ಒಂದನ್ನು ಮಾತ್ರ ನನ್ನ ದುಡ್ಡು ಹಾಕಿ, ಕಬ್ಬನ್‌ಪೇಟೆಯ ಸ್ಕ್ರೀನ್ ಪ್ರಿಂಟರ್ ಒಬ್ಬರಲ್ಲಿ ಅಚ್ಚುಹಾಕಿಸಿದೆ. ಶಾಯಿ ಒಣಗುವ ತನಕ ಅಲ್ಲೇ ನಿಂತು, ಬಟ್ಟೆಯ ಅಂಚನ್ನು ಹೊಸಕಿ ನೋಡಿ ಮನೆಗೆ ತಂದೆ. ಲಾಭದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯಿಲ್ಲ. ದೊಡ್ಡಪ್ಪ ಬಂದು ಗಂಟು ಬಿಚ್ಚಿಸಿ, ಒಂದೊಂದೇ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು. ಹೊಲಿಗೆ ಪರವಾಗಿಲ್ಲ ಎಂದರು. ಬೆಲೆ ನಲವತ್ತು ರೂಪಾಯಿ ಹೆಚ್ಚಾಯಿತೆಂದು ಅವರ ವಾದ, ಅಷ್ಟಿಲ್ಲದಿದ್ದರೆ ಪ್ರಿಂಟರಿಗೆ ಗಿಟ್ಟುವುದಿಲ್ಲವೆಂದು ನನ್ನದು. ದೊಡ್ಡ ಅಳತೆಯವು ಮುಗಿಯುತ್ತ ಬಂದಿವೆ. ಸಣ್ಣ ಅಳತೆಯವು ಯಾಕೋ ಹೋಗುತ್ತಿಲ್ಲ. ಶಾಲೆ ಶುರುವಾಗುವ ತನಕ ಬೆಲೆ ಇಳಿಸಬೇಡ ಎಂದಿದ್ದಾರೆ.